ಸೌರಸ್ಥಾಪಕ ಲಕ್ಷಣ

ಆಲಂಕಾರಿಕರು ಕಾವ್ಯನಾಯಕರನ್ನು ಧೀರೋದಾತ್ತ, ಧೀರೋದ್ಧತ, ಧೀರಲಲಿತ, ಧೀರಶಾಂತ ಎಂದು ನಾಲ್ಕಾಗಿ ವಿಂಗಡಿಸಿದರು. ತಾರಸಿಗೆ ಸೋಲಾರ್ ಹಾಕಲು ಬರುವವನ ಬಗ್ಗೆ ಮಾತ್ರ ಚಕಾರವೆತ್ತಲಿಲ್ಲ. 2024ರಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂದು, 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಎಂಬ ಸುದ್ದಿ ಹಬ್ಬಿದ ಮೇಲೆ ಈ ನಾಯಕರು ಬಡಾವಣೆಯ ಗೇಟುಗೇಟಿಗೂ ದರ್ಶನ ಕೊಡುತ್ತಿರುವುದರಿಂದ ಪ್ರಸ್ತುತ ಗ್ರಂಥ ಅನಿವಾರ್ಯವಾಯಿತು.

ಶಾಸ್ತ್ರವೆಂದಮೇಲೆ ಅಧಿಕಾರಿ ಯಾರೆಂದು ಮೊದಲೇ ಹೇಳಬೇಕು. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಪಡೆಯುತ್ತಿರುವವರು ಜೀವನ್ಮುಕ್ತರು. ಅವರಿಗೆ ಈ ಗ್ರಂಥದ ಅಗತ್ಯವಿಲ್ಲ. ಏಸಿ, ಗೀಸರ್, ಬೋರ್‌ವೆಲ್ ಮೋಟರುಗಳೆಂಬ ಸಂಸಾರಬಂಧನದಲ್ಲಿ ಸಿಲುಕಿ 200 ಯೂನಿಟ್ ದಾಟಿದವರೇ ಇಲ್ಲಿ ಮುಮುಕ್ಷುಗಳು.

ಧೀರೋದ್ಧತನ ಅಲಂಕಾರ ಅತಿಶಯೋಕ್ತಿ. “ಸಾರ್, ಇನ್ಮೇಲೆ ಕರೆಂಟ್ ಬಿಲ್ಲೇ ಬರಲ್ಲ” ಎಂಬುದು ಅವನ ನಾಂದಿ. ನಮ್ಮ ಕಡೆ 1 ಕಿಲೋವ್ಯಾಟಿಗೆ ದಿನಕ್ಕೆ ಸುಮಾರು 4 ಯೂನಿಟ್ ಬರುತ್ತದೆಂಬುದು ಲೋಕಾನುಭವ. ಅವನ ಬಾಯಲ್ಲಿ ಆಷಾಢದ ಮೋಡದಲ್ಲೂ ಅದು 7. ಟ್ಯಾಂಕಿನ ನೆರಳು, ಪಕ್ಕದ ಸೈಟಿನ ತೆಂಗು ಅವನ ದಿವ್ಯದೃಷ್ಟಿಗೆ ಗೋಚರಿಸುವುದಿಲ್ಲ. ಒಂದು ಪ್ಯಾನೆಲ್ ಮೇಲೆ ಬಿದ್ದ ನೆರಳು ಅದರೊಡನೆ ಜೋಡಿಸಿದ ಇಡೀ ಸಾಲನ್ನೇ ಕುಗ್ಗಿಸಬಲ್ಲದು ಎಂದರೆ ಮುಗುಳ್ನಗುತ್ತಾನೆ. ಇಂಥವನಿಗೆ ಒಂದು ಪ್ರಶ್ನೆ ಸಾಕು: “ಬ್ಯಾಟರಿ ಇಲ್ಲದಿದ್ದರೆ, ಕರೆಂಟ್ ಹೋದಾಗ ಫ್ಯಾನ್ ತಿರುಗುತ್ತಾ?” ಸಾಮಾನ್ಯ ಆನ್‌ಗ್ರಿಡ್ ವ್ಯವಸ್ಥೆ ಮಟಮಟ ಮಧ್ಯಾಹ್ನದಲ್ಲೂ ಲೈನ್ ಸತ್ತೊಡನೆ ತಾನೂ ನಿಂತುಬಿಡುತ್ತದೆ. ಕಂಬ ಹತ್ತಿದ ಲೈನ್‌ಮನ್ ಜೀವ ಉಳಿಯಲೆಂದೇ ಹಾಗೆ ಮಾಡಿರುವುದು. “ತಿರುಗತ್ತೆ ಸಾರ್” ಎಂದನೋ, ಕಾಫಿ ಕೊಟ್ಟು ಕಳಿಸಿ. ಅತಿಥಿಧರ್ಮ ಕೆಡಬಾರದು.

ಧೀರಲಲಿತನದು ಶೃಂಗಾರ. ಇಸ್ತ್ರಿ ಅಂಗಿ, ಕೈಯಲ್ಲಿ ಟ್ಯಾಬ್, ಅದರಲ್ಲಿ ಬಣ್ಣಬಣ್ಣದ ಗ್ರಾಫು. ನಾಯಿಕೆಯ ಸ್ಥಾನದಲ್ಲಿ ಬಿಳಿ ಪೆಟ್ಟಿಗೆಯ ಲಿಥಿಯಂ ಬ್ಯಾಟರಿ. ಬ್ಯಾಟರಿಯಿಲ್ಲದ ಸೋಲಾರ್ ವ್ಯರ್ಥ ಎಂಬುದು ಅವನ ಪೂರ್ವಪಕ್ಷ. ನಮ್ಮ ಸಿದ್ಧಾಂತ ಬೇರೆ: ನೆಟ್ ಮೀಟರ್ ಇದ್ದರೆ ಹಗಲಿನ ಹೆಚ್ಚುವರಿ ಯೂನಿಟ್ ಎಸ್ಕಾಂ ಲೈನಿಗೆ ಹೋಗಿ ಬಿಲ್ಲಿನಲ್ಲಿ ಜಮೆಯಾಗುತ್ತದೆ. ಗಂಟೆಗಟ್ಟಲೆ ಕರೆಂಟ್ ಹೋಗುವ ಊರಿನಲ್ಲಿ ಬ್ಯಾಟರಿ ಧರ್ಮ; ಅಪರೂಪಕ್ಕೊಮ್ಮೆ ಹೋಗುವ ಕಡೆ ಅದು ಕಾಮ. ಸಬ್ಸಿಡಿಯೂ ಪ್ಯಾನೆಲ್ಲಿನ ಲೆಕ್ಕದಲ್ಲೇ ಹೊರತು ಬ್ಯಾಟರಿಗಲ್ಲ, ಈ ಮಾತು ಗ್ರಾಫಿನಲ್ಲಿ ಇರುವುದಿಲ್ಲ. ಇಷ್ಟಾಗಿಯೂ ಕೊಳ್ಳುವುದಾದರೆ, ಸುಮಾರು ಅರ್ಧದಷ್ಟೇ ಖಾಲಿ ಮಾಡಬಹುದಾದ ಲೆಡ್ ಆಸಿಡ್ಡಿಗಿಂತ ಲಿಥಿಯಮ್ಮೇ ಮೇಲು ಎಂದು ಒಪ್ಪುತ್ತೇವೆ.

ಧೀರಶಾಂತ ಅಡ್ವಾನ್ಸ್ ಪಡೆದ ಮರುದಿನ ಮೌನವ್ರತ ಹಿಡಿಯುತ್ತಾನೆ. ವಿವರಿಸುವುದೇನೂ ಇಲ್ಲ, ಫೋನ್ ಎತ್ತಿದರೆ ತಾನೆ.

ಉಳಿದವನು ಧೀರೋದಾತ್ತ. ಬಂದವನೇ ವರ್ಷದ ಬಿಲ್ಲುಗಳನ್ನು ಕೇಳುತ್ತಾನೆ, ಟೇಪ್ ಹಿಡಿದು ತಾರಸಿ ಹತ್ತುತ್ತಾನೆ, “ನಿಮಗೆ 2 ಕಿಲೋವ್ಯಾಟ್ ಸಾಕು ಅಮ್ಮ” ಎಂದು ತನ್ನ ಲಾಭವನ್ನೇ ಕತ್ತರಿಸಿಕೊಳ್ಳುತ್ತಾನೆ. 25 ವರ್ಷದ ವಾರಂಟಿ ಪ್ಯಾನೆಲ್ಲಿಗೆ, ಇನ್ವರ್ಟರಿಗೆ ಅಷ್ಟಿಲ್ಲ ಎಂದು ಕೇಳುವ ಮೊದಲೇ ಹೇಳುತ್ತಾನೆ. ಅರ್ಥಿಂಗ್, ಮಿಂಚುವಾಹಕ, ಜಿಐ ಸ್ಟ್ರಕ್ಚರ್ ಎಲ್ಲವನ್ನೂ ಕೊಟೇಶನ್ನಿನಲ್ಲಿ ಬರೆದುಕೊಡುತ್ತಾನೆ. ಈ ಜಾತಿ ವಿರಳ, ಮಾತು ಕಡಿಮೆ, ರೇಟು ಸ್ವಲ್ಪ ಜಾಸ್ತಿ.

ಅವನನ್ನೇ ಹಿಡಿಯಿರಿ. ಆದರೂ ಕೊನೆಯ ಕಂತನ್ನು ನೆಟ್ ಮೀಟರ್ ಕೂತ ಮೇಲೆಯೇ ಕೊಡಿ.