ಒಳಗ ಏನೇನದರೀ?

ಮೇ 18 ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ. 1977ರಲ್ಲಿ ಈ ಆಚರಣೆ ಶುರು ಮಾಡಿದ ಮಹನೀಯರು ಮೇ ತಿಂಗಳಲ್ಲಿ ಕಲಬುರಗಿಯ ಕಡೆ ಬಂದವರಂತೂ ಅಲ್ಲ. ಆ ಹೊತ್ತಿಗೆ ನಮ್ಮಲ್ಲಿ ಬಿಸಿಲು 43–44 ಡಿಗ್ರಿಗೆ ಏರಿರುತ್ತದೆ. ಮಧ್ಯಾಹ್ನ ಹೊರಬಿದ್ದವನಿಗೆ "ಎಲ್ಲಿಗೆ ಹೊಂಟೀರಿ?" ಎಂದು ಕೇಳುವುದಿಲ್ಲ, "ಯಾಕ ಹೊಂಟೀರಿ?" ಎಂದೇ ಕೇಳುತ್ತಾರೆ. "ಮ್ಯೂಸಿಯಂ ನೋಡ್ಲಾಕ" ಎಂದು ಉತ್ತರ ಕೊಟ್ಟರೆ ನಮ್ಮನ್ನು ಮೇಲಿಂದ ಕೆಳಗೆ ನೋಡಿ, ಒಂದು ಲೋಟ ಮಜ್ಜಿಗೆ ಕುಡಿಸಿ, ಮನೆಗೆ ವಾಪಸ್ ಕಳಿಸುವ ಸಾಧ್ಯತೆಯೇ ಹೆಚ್ಚು.

ಆದರೂ ಸೇಡಂ ರಸ್ತೆಯ ಸರ್ಕಾರಿ ಮ್ಯೂಸಿಯಂ ನೋಡಬೇಕಾದದ್ದು ಬೇಸಿಗೆಯಲ್ಲೇ ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಇರುವುದು ಬಹಮನಿ ಕಾಲದ ಗುಮ್ಮಟಗಳಲ್ಲಿ. ಗೋಡೆಯ ದಪ್ಪ ಎಷ್ಟೆಂದರೆ, ಹೊರಗಿನ ಬಿಸಿಲು ಒಳಗೆ ಬರುವಷ್ಟರಲ್ಲಿ ಸಂಜೆಯಾಗಿ ಅದೇ ತಣ್ಣಗಾಗಿರುತ್ತದೆ. ಯಾರೋ ಅಮೀರ ಸತ್ತ ಮೇಲಾದರೂ ತಂಪಾಗಿ ಮಲಗಬೇಕೆಂದು ಕಟ್ಟಿಸಿಕೊಂಡಿರಬೇಕು. ಈಗ ಅಲ್ಲಿ ವೀರಗಲ್ಲು, ಜೈನ ಮೂರ್ತಿ, ಸನ್ನತಿ ಕಡೆಯ ಬೌದ್ಧ ಶಿಲ್ಪಗಳು ಸುತ್ತುಗಟ್ಟಿ ನಿಂತಿವೆ. ಜೈನರು, ಬೌದ್ಧರು, ಶೈವರು ಎಲ್ಲ ಸೇರಿ ಒಬ್ಬ ಮುಸಲ್ಮಾನ ಅಮೀರನ ಗೋರಿಯಲ್ಲಿ ಬಾಡಿಗೆಯಿಲ್ಲದೆ ಇದ್ದಾರೆ. ಇದನ್ನು ಯಾರೂ ಉದ್ದೇಶಪಟ್ಟು ಮಾಡಿದ್ದಲ್ಲ, ಖಾಲಿ ಕಟ್ಟಡ ಸಿಕ್ಕಿತು, ಇಟ್ಟರು. ನಮ್ಮ ಊರಿನಲ್ಲಿ ಸಾಮರಸ್ಯದ ಬಹುಪಾಲು ಕೆಲಸಗಳು ನಡೆದಿರುವುದು ಹೀಗೆಯೇ.

ಶಾಲೆಯ ಮಕ್ಕಳು ಸಾಲಾಗಿ ಬಂದರೆ ಮೊದಲು ಮಾಡುವ ಕೆಲಸ ಗುಮ್ಮಟಕ್ಕೆ ಮುಖವೆತ್ತಿ ಕೂಗು ಹಾಕುವುದು. ವಿಜಯಪುರದ ಗೋಲಗುಮ್ಮಟ ಮಾಡಿಟ್ಟ ಅಭ್ಯಾಸ ಇದು. ಯಾವ ಗುಮ್ಮಟ ಕಂಡರೂ ಉತ್ತರ ಬರಲೇಬೇಕು ಎಂದು ಮಕ್ಕಳು ನಂಬಿರುತ್ತಾರೆ. ಮೇಷ್ಟ್ರು "ಸುಮ್ನಿರ್ರಲೇ" ಎಂದು ಗದರಿಸುತ್ತಾರೆ, ಗುಮ್ಮಟ ಅದನ್ನೇ ಚೊಕ್ಕವಾಗಿ ವಾಪಸ್ ಹೇಳುತ್ತದೆ.

ಹಳ್ಳಿಯಿಂದ ಬಂದ ಹಿರಿಯರ ರೀತಿಯೇ ಬೇರೆ. ದರ್ಗಾಕ್ಕೋ ಶರಣಬಸವೇಶ್ವರ ಗುಡಿಗೋ ಬಂದವರು ಬಸ್ಸಿಗೆ ಹೊತ್ತಿದೆ ಎಂದು ಇಲ್ಲಿ ಹೊಕ್ಕಿರುತ್ತಾರೆ. ಒಬ್ಬ ಆಯಿ ಬಾಗಿಲಲ್ಲೇ ಚಪ್ಪಲಿ ಬಿಟ್ಟರು. ಮೂಗು ಮುರಿದ ಒಂದು ಮೂರ್ತಿಗೆ ಕೈಮುಗಿದು, ಸೆರಗಿನ ಗಂಟು ಬಿಚ್ಚಿ ಎರಡು ರೂಪಾಯಿ ನಾಣ್ಯ ಪಾದದ ಬಳಿ ಇಟ್ಟರು. ಕಾವಲಿನವನು ಓಡಿಬಂದ. "ಆಯಿ, ಇದು ದೇವರಲ್ಲ, ಮ್ಯೂಸಿಯಂ." ಆಯಿ ಅವನನ್ನು ಕನಿಕರದಿಂದ ನೋಡಿ, "ನೀ ದಿನಾ ಇಲ್ಲೇ ಇರ್ತಿ, ನಿನಗ ಗೊತ್ತಾಗಂಗಿಲ್ಲ ಬಿಡಪ್ಪಾ" ಎಂದರು. ಆಮೇಲೆ ಒಂದು ವೀರಗಲ್ಲಿನ ಮುಂದೆ ನಿಂತು, ಇಂಥದ್ದೇ ನಮ್ಮ ಹೊಲದ ಬದುವಿನಲ್ಲಿ ಇದೆ, ದೀಪಾವಳಿಗೆ ಸುಣ್ಣ ಬಳಿಯುತ್ತೇವೆ ಎಂದು ಆ ಕಾವಲಿನವನಿಗೇ ವಿವರಿಸಿದರು. ಅವನೂ ಕೇಳುತ್ತಾ ನಿಂತ. ಪಕ್ಕದಲ್ಲಿದ್ದ ಫಲಕ ಹೇಳಿದ್ದು ಅದರ ಅರ್ಧದಷ್ಟೂ ಇರಲಿಲ್ಲ.

ನಮ್ಮ ಭಾಗದಲ್ಲಿ ಹಳೆಯದು ಸುಮ್ಮನೆ ಕೂತು ಉಳಿದದ್ದು ಕಡಿಮೆ, ಯಾವುದೋ ಉಪಯೋಗಕ್ಕೆ ಬಿದ್ದು ಉಳಿದದ್ದೇ ಹೆಚ್ಚು. ಸನ್ನತಿಯದೇ ಕತೆ ನೋಡಿ. ಭೀಮಾ ದಂಡೆಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯೊಂದರ ಮಾಳಿಗೆ 1986ರಲ್ಲಿ ಕುಸಿಯಿತು. ಕಲ್ಲು ತೆಗೆದು ನೋಡಿದರೆ, ದೇವಿಗೆ ಪೀಠವಾಗಿದ್ದ ಚಪ್ಪಡಿಯ ತುಂಬ ಅಶೋಕನ ಶಾಸನ! ಮೂರ್ತಿ ಭದ್ರವಾಗಿ ಕೂರಲೆಂದು ಅಕ್ಷರಗಳ ನಡುವೆಯೇ ತೂತು ಕೊರೆದಿದ್ದರು. ವಿದ್ವಾಂಸರಿಗೆ ಹೊಟ್ಟೆ ಚುರ್ ಎನ್ನುವ ಸಂಗತಿ, ನಿಜ. ಆದರೆ ಆ ಕಲ್ಲುಕುಟಿಗ ಅದನ್ನು ಪೀಠ ಮಾಡದೆ ಬಿಟ್ಟಿದ್ದರೆ ಅದು ಯಾವ ಬಾವಿಯ ಮೆಟ್ಟಿಲಾಗುತ್ತಿತ್ತೋ, ಯಾರ ಬಚ್ಚಲಿಗೆ ಹೋಗುತ್ತಿತ್ತೋ. ಆಮೇಲೆ ಪಕ್ಕದ ಕನಗನಹಳ್ಳಿಯಲ್ಲಿ ಅಗೆದಾಗ ಸ್ತೂಪವೇ ಸಿಕ್ಕಿತು, ಬ್ರಾಹ್ಮಿಯಲ್ಲಿ ಹೆಸರು ಕೊರೆದ ಅಶೋಕನ ಶಿಲ್ಪವೂ ಸಿಕ್ಕಿತು. ರಾಣಿಯ ಜೊತೆ ಛತ್ರಿಯ ನೆರಳಲ್ಲಿ ನಿಂತಿದ್ದಾನೆ. ಕಲಬುರಗಿ ಸೀಮೆಯ ಬಿಸಿಲು ಶಿಲ್ಪಿಗೆ ಚೆನ್ನಾಗಿ ಗೊತ್ತಿತ್ತು.

ಜನರನ್ನು ಮ್ಯೂಸಿಯಮ್ಮಿಗೆ ಕರೆತರುವುದು ಹೇಗೆ ಎಂದು ಆಗಾಗ ಸಭೆಗಳು ನಡೆಯುತ್ತವೆ. ಛಾಯಾಚಿತ್ರ ಪ್ರದರ್ಶನ, ಪ್ರಬಂಧ ಸ್ಪರ್ಧೆ, ರಂಗೋಲಿ, ಕೊನೆಗೆ ಉಪ್ಪಿಟ್ಟು. ಉಪ್ಪಿಟ್ಟಿನ ತನಕ ನಾನೂ ಕೂತಿದ್ದೇನೆ. ಆದರೆ ಪ್ರದರ್ಶನ ಏರ್ಪಡಿಸುವ ವಿದ್ಯೆ ಇದೇ ಊರಲ್ಲಿ ಎಂದೋ ಪಕ್ವವಾಗಿದೆ. ಹೋಳಿ ಹುಣ್ಣಿಮೆ ಕಳೆದು ಐದನೇ ದಿನ ಶರಣಬಸವೇಶ್ವರ ಜಾತ್ರೆ. ತೇರು ಎಳೆಯುವ ಮುನ್ನ ಸಂಸ್ಥಾನದ ಪೀಠಾಧಿಪತಿಗಳು ಶರಣರ ಪರುಷ ಬಟ್ಟಲನ್ನು ಎತ್ತಿ ತೋರಿಸುತ್ತಾರೆ. ತೋರಿಸುವುದು ಒಂದೇ ವಸ್ತು, ಅದೂ ಕೆಲವೇ ಗಳಿಗೆ. ಫಲಕವಿಲ್ಲ, ಗಾಜಿನ ಪೆಟ್ಟಿಗೆಯಿಲ್ಲ, ಟಿಕೆಟ್ಟಿಲ್ಲ. ಲಕ್ಷಾಂತರ ಜನ ಕತ್ತೆತ್ತಿ ಕಾಯುತ್ತಾರೆ, ಮಗುವನ್ನು ಹೆಗಲ ಮೇಲೆ ಕೂರಿಸಿ "ಕಂಡಿತೇನೋ?" ಎನ್ನುತ್ತಾರೆ. ಆಮೇಲೆ ತೇರಿನತ್ತ ಉತ್ತತ್ತಿ, ಬಾಳೆಹಣ್ಣು ತೂರುತ್ತಾರೆ. ಭಕ್ತಿಯನ್ನು ಪಕ್ಕಕ್ಕಿಟ್ಟೇ ಹೇಳುತ್ತೇನೆ, ವರ್ಷವಿಡೀ ಎಲ್ಲವನ್ನೂ ತೋರಿಸುವವರಿಗಿಂತ ವರ್ಷಕ್ಕೊಮ್ಮೆ ಒಂದನ್ನು ತೋರಿಸುವವರು ಜಾಣರು. ಮ್ಯೂಸಿಯಮ್ಮಿನವರು ಒಂದು ವೀರಗಲ್ಲನ್ನು ಹನ್ನೊಂದು ತಿಂಗಳು ಒಳಗಿಟ್ಟು, ಹನ್ನೆರಡನೇ ತಿಂಗಳು ಹಲಗೆ ಬಾರಿಸುತ್ತ ಹೊರಗೆ ತಂದು ನೋಡಲಿ.

ಫ್ರಾನ್ಸಿನಲ್ಲಿ 1970ರ ದಶಕದಲ್ಲಿ ಒಂದು ವಿಚಾರ ಹುಟ್ಟಿತು. ಕಟ್ಟಡದೊಳಗೆ ಸಾಮಾನು ತುಂಬುವುದು ಬೇಡ, ಊರಿಗೆ ಊರನ್ನೇ, ಅದರ ಜನ, ಕಸುಬುಗಳ ಸಮೇತ ಮ್ಯೂಸಿಯಂ ಎನ್ನೋಣ ಎಂದು. ಅದನ್ನು ಓದಿದಾಗಿನಿಂದ ನನ್ನ ತಲೆಯಲ್ಲಿ ಕಮಲಾಪುರ ಕೂತಿದೆ.

ಕಲಬುರಗಿಯಿಂದ ಹುಮನಾಬಾದ್ ಕಡೆ ಬಸ್ಸು ಹತ್ತಿದರೆ ಸಿಗುವ ಊರು. ತಾಲ್ಲೂಕು ಕೇಂದ್ರವಾಗಿ ಇನ್ನೂ ಬಹಳ ವರ್ಷವಾಗಿಲ್ಲ. ಈ ಊರಿನ ಮೇಲೆ ಹಾಯುವ ಬೀದರ್–ಕಲಬುರಗಿ ರೈಲು 2017ರ ಅಕ್ಟೋಬರ್ 29ರಂದು ಓಡತೊಡಗಿತು. ಅದಕ್ಕಾಗಿ ಕಾದವರ ಕತೆಗಳನ್ನೇ ಒಂದು ಕೋಣೆ ತುಂಬ ಇಡಬಹುದು. ಹತ್ತಿರದ ಹೊಳಕುಂದಾದಲ್ಲಿ ಬಹಮನಿ ಕಾಲದ ಗೋರಿಗಳು ಇವೆ, ಬಸ್ಸಿನವರು ಹಾಡು ಕೇಳುತ್ತ ದಾಟಿಹೋಗುತ್ತಾರೆ. ಇನ್ನು ಮನೆಮನೆಯ ಟ್ರಂಕುಗಳು. ನಿಜಾಮನ ಕಾಲದ 'ಹಾಲಿ ಸಿಕ್ಕಾ' ರೂಪಾಯಿ, ಹೊಲದ ಉರ್ದು ಕಾಗದ, ಮುತ್ಯಾನ ಉರ್ದು ಶಾಲೆಯ ಸರ್ಟಿಫಿಕೇಟು. ಮೊಮ್ಮಕ್ಕಳು ಅದನ್ನು ತಲೆಕೆಳಗಾಗಿ ಹಿಡಿದು, "ಮುತ್ಯಾ ಪಾಸಾಗಿದ್ದನೋ ಇಲ್ಲೋ?" ಎಂದು ಚರ್ಚಿಸುತ್ತಾರೆ. ಉರ್ದು ಬಲ್ಲ ನೆರೆಮನೆಯ ಚಾಚಾನನ್ನು ಕರೆಸಿ ಎಲ್ಲರ ಎದುರು ಓದಿಸಿದರೆ ಅದಕ್ಕಿಂತ ದೊಡ್ಡ ಕಾರ್ಯಕ್ರಮ ಬೇಕಿಲ್ಲ. ಫಲಿತಾಂಶಕ್ಕೆ ಸಂಘಟಕರು ಹೊಣೆಯಲ್ಲ.

ಆದರೆ ಕಮಲಾಪುರದ ಮುಖ್ಯ ಪ್ರದರ್ಶನ ವಸ್ತು ಕೆಂಪು ಬಾಳೆ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಹಣ್ಣು. ಗಿಡ ಹಾಕಿದರೆ ಗೊನೆ ಕೈಗೆ ಬರಲು ಹತ್ತಿರಹತ್ತಿರ ಒಂದೂವರೆ ವರ್ಷ, ಆದ್ದರಿಂದ ರೇಟೂ ಜಾಸ್ತಿ. ಇದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ವಾರದೊಳಗೆ ವಾಸನೆ ಸೇಡಂ ರಸ್ತೆಯ ತನಕ ಹೋಗುತ್ತದೆ.

ಈ ಸಮಸ್ಯೆಯನ್ನು ರಸ್ತೆ ಬದಿಯ ಹಣ್ಣಿನ ವ್ಯಾಪಾರಿಯ ಮುಂದೆ ಇಟ್ಟೆ. ಊರಿಗೆ ಮ್ಯೂಸಿಯಂ ಆದರೆ ಹೇಗೆ ಎಂದೆ.

"ಒಳಗ ಏನೇನದರೀ ಅದರಾಗ?"

"ನಿಮ್ಮ ಹಣ್ಣೇ ಇಡ್ತೀವಿ ಕಾಕಾ."

ಅವರು ಕೆಂಪು ಹಣ್ಣೊಂದನ್ನು ತಿರುಗಿಸಿ ನೋಡಿದರು. "ಎಷ್ಟು ದಿನಕ್ಕ ಬದಲಿ ಮಾಡ್ತೀರಿ?"

"ನಾಲ್ಕು ದಿನಕ್ಕೊಮ್ಮೆ ಮಾಡಬೇಕಾಗ್ತದ."

"ಹಂಗಾದ್ರ ಆಗ್ಲಿ" ಎಂದು ಅವರು ಒಪ್ಪಿಗೆ ಕೊಟ್ಟರು. "ಡಜನ್ ಲೆಕ್ಕದಾಗ ಒಯ್ಯಿರಿ. ಸರ್ಕಾರಿ ಬಿಲ್ ಅಂದ್ರ ಮಾತ್ರ ನಮ್ಮಿಂದ ಆಗಂಗಿಲ್ಲ, ರೊಕ್ಕ ಕೈಯಾಗ ಕೊಡಬೇಕು."