ದಿಲ್ಲಿಗೆ ಹೋಗಿ ಬಂದವರು

ಸಿಂಧನೂರು ಕಡೆಯ ಲಗ್ನಪತ್ರಿಕೆ ಓದಬೇಕೆಂದರೆ ಅಷ್ಟಿಷ್ಟು ರಾಜಕೀಯ ಗೊತ್ತಿರಬೇಕು. ಮೊದಲು ಸ್ವಾಮಿಗಳು, ಆಮೇಲೆ ಹಾಲಿಗಳು, ಅವರ ಕೆಳಗೆ ಮಾಜಿಗಳು. ಹಾಲಿ ಸಾಹೇಬರು ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಮಾಜಿ ಸಾಹೇಬರು ಮಾತ್ರ ಅಕ್ಕಿಕಾಳಿನ ಹೊತ್ತಿಗೆ ಸರಿಯಾಗಿ ಬಂದು, ಪಂಕ್ತಿಯಲ್ಲಿ ಕೂತು ಹುಗ್ಗಿ ಉಂಡು, ಮಳೆ-ಬೆಳೆ ವಿಚಾರಿಸಿಯೇ ಹೋಗುತ್ತಾರೆ.

ನಮ್ಮ ದಿಲ್ಲಿ ಲೆಕ್ಕವೂ ತುಸು ಗೋಜಲು. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ರಾಯಚೂರು ಜಿಲ್ಲೆಯವೇ. ಆದರೆ ಲೋಕಸಭೆ ಬಂತೆಂದರೆ ಮೊದಲೆರಡು ಕೊಪ್ಪಳದ ಪಾಲು, ಲಿಂಗಸುಗೂರು ರಾಯಚೂರಿನ ಪಾಲು. ಹೀಗಾಗಿ ಮಸ್ಕಿಯವನ ಅರ್ಜಿ ಒಂದು ಊರಿಗೆ, ಓಟು ಇನ್ನೊಂದು ಊರಿಗೆ.

ಲಿಂಗಸುಗೂರು ತಾಲ್ಲೂಕಿನ ಬಸವರಾಜ ಪಾಟೀಲ ಅನ್ವರಿಯವರು 1989ರಲ್ಲಿ ಜನತಾದಳದಿಂದ ನಿಂತು ಕೊಪ್ಪಳ ಗೆದ್ದರು. ರಾಜ್ಯದ 28 ಸ್ಥಾನಗಳಲ್ಲಿ 27 ಕಾಂಗ್ರೆಸ್ಸಿಗೆ. ಮಿಕ್ಕ ಒಂದೇ ಒಂದು ಇವರದು. ರಾಜ್ಯದ ದಳದ ಸಂಸದರ ಸಭೆ ಎಂದರೆ ಕರೆಯುವವರೂ ಅವರೇ, ಬರುವವರೂ ಅವರೇ! ಆ ಲೋಕಸಭೆಯ ಆಯುಷ್ಯ ಗಟ್ಟಿಯಿರಲಿಲ್ಲ. ಇಬ್ಬರು ಪ್ರಧಾನಿಗಳನ್ನು ಕಂಡು 1991ರಲ್ಲೇ ವಿಸರ್ಜನೆಯಾಯಿತು.

ಸಿಂಧನೂರಿನ ಕೆ. ವಿರೂಪಾಕ್ಷಪ್ಪನವರು 2004ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದು ಐದೂ ವರ್ಷ ಪೂರೈಸಿದರು. ಆಗ ಸಿಂಧನೂರಿನವರು ದಿಲ್ಲಿಗೆ ಹೋಗಬೇಕಾದರೆ ಮೊದಲು ರೈಲು ಇರುವ ಊರಿಗೆ ಹೋಗಬೇಕಿತ್ತು. ಗಿಣಿಗೇರಾ ಕಡೆಯ ಮಾರ್ಗ ಮಂಜೂರಾದದ್ದು 1990ರ ದಶಕದಲ್ಲಿ, ರೈಲು ಸಿಂಧನೂರು ಮುಟ್ಟಿದ್ದು 2024ರಲ್ಲಿ. ಅಷ್ಟರೊಳಗೆ ಬೋಗಿ ತುಂಬದಿದ್ದರೂ ಒಂದು ಬೆಂಚು ತುಂಬುವಷ್ಟು ಸಂಸದರು ಮಾಜಿಗಳಾಗಿದ್ದರು.

ಈ ಭಾಗದ ಎಲ್ಲ ಮಾಜಿಗಳಿಗೂ ಹಿರಿಯ ಮಸ್ಕಿಯಲ್ಲಿದ್ದಾನೆ: ಅಶೋಕ. ಅದಕ್ಕೂ ಮೊದಲು ಸಿಕ್ಕಿದ್ದ ಶಾಸನಗಳಲ್ಲಿ ಆತ ಬರೀ ದೇವಾನಾಂಪ್ರಿಯ, ಪ್ರಿಯದರ್ಶಿ, ಅಂದರೆ ಬಿರುದಷ್ಟೇ. ಆ ಬಿರುದು ಯಾರದೆಂದು ವಿದ್ವಾಂಸರು ತಲೆ ಕೆಡಿಸಿಕೊಂಡಿದ್ದಾಗ, 1915ರಲ್ಲಿ ಚಿನ್ನ ಹುಡುಕುತ್ತ ಬಂದ ಗಣಿ ಎಂಜಿನಿಯರ್ ಬೀಡನ್ ಕಣ್ಣಿಗೆ ಮಸ್ಕಿಯ ಬಂಡೆ ಬಿತ್ತು. ಅದರಲ್ಲಿ ಅಶೋಕನ ಹೆಸರೇ ಇತ್ತು. ಪುಣ್ಯಾತ್ಮ ಕಲ್ಲಿನಲ್ಲಿ ಕೆತ್ತಿಸಿದ್ದ, ಉಳಿದುಕೊಂಡ.

ನಮ್ಮ ಮಾಜಿಗಳದೋ ಗೆದ್ದ ವರ್ಷ, ಪಕ್ಷ, ಮತಗಳ ಅಂತರ ಇಷ್ಟೇ ಕಾಗದದ ಮೇಲಿರುವುದು. ಸಂಸತ್ತಿನಲ್ಲಿ ಮೊದಲ ದಿನ ಏನನ್ನಿಸಿತು, ಹಿಂದಿ ಹೇಗೆ ಸಂಭಾಳಿಸಿದರು, ಯಾವ ಅರ್ಜಿ ಯಾವ ಬಾಗಿಲಲ್ಲಿ ನಿಂತಿತು ಎಂಬುದೆಲ್ಲ ಬಾಯಿಮಾತಿನಲ್ಲೇ ಕರಗಿಹೋಗುತ್ತಿದೆ. ಮುಂದಿನ ಮದುವೆಯಲ್ಲಿ ಮಾಜಿ ಸಾಹೇಬರು ಪಕ್ಕದಲ್ಲಿ ಕೂತರೆ ಸೆಲ್ಫಿ ಆಮೇಲೆ ತೆಗೆದುಕೊಳ್ಳಿ. ಮೊದಲು ಅವರ ಕಥೆ ಕೇಳಿ ಬರೆದಿಡಿ.