ಇಳಿಯೋದು ನಮ್ಮ ವಂಶದಲ್ಲೇ ಇಲ್ಲ
‘ವಿತ್ ಫ್ಲೈಯಿಂಗ್ ಕಲರ್ಸ್’ ಜೊತೆ ಒಂದು ಕಾಲ್ಪನಿಕ ಸಂದರ್ಶನ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನವೇ ಊರೂರಿನ ಸರ್ಕಲ್ಲುಗಳಲ್ಲಿ ಫ್ಲೆಕ್ಸುಗಳು ಏಳುತ್ತವೆ. ಪಾಸ್‌ಪೋರ್ಟ್ ಸೈಜಿನ ಹತ್ತಾರು ಮುಖ, ಮುಖಕ್ಕೊಂದು ಪರ್ಸೆಂಟೇಜು, ನಡುವೆ ಕೈಮುಗಿದು ನಿಂತ ಸಂಸ್ಥೆಯ ಕಾರ್ಯದರ್ಶಿಗಳು. ಅವರ ಮುಖ ಮಾತ್ರ ಮಕ್ಕಳ ಮುಖದ ನಾಲ್ಕು ಪಟ್ಟು. ಎಲ್ಲರ ತಲೆಯ ಮೇಲೆ ಕೆಂಪಕ್ಷರದಲ್ಲಿ ಕೂತಿರುವುದು ಇಂಗ್ಲಿಷಿನ ಒಂದು ಹಿರಿಯ ನುಡಿಗಟ್ಟು: ‘ವಿತ್ ಫ್ಲೈಯಿಂಗ್ ಕಲರ್ಸ್’. ಹುಟ್ಟಿನಿಂದ ಬ್ರಿಟಿಷ್ ಬಾವುಟ. ಮಾತಾಡೋಣ, ಕೆಳಗಿಳಿದು ಬನ್ನಿ ಎಂದು ಕೇಳಿಕೊಂಡೆವು. ಒಪ್ಪಲಿಲ್ಲ. ನಾವೇ ಏಣಿ ಹತ್ತಬೇಕಾಯಿತು.

ಕೆಳಗೆ ಬರಬಹುದಿತ್ತು ಸ್ವಾಮಿ. ಕಾಫಿ ತರಿಸಿದ್ದೆವು.

ತಪ್ಪು ತಿಳೀಬೇಡಿ. ಇಳಿಯೋದು ನಮ್ಮ ವಂಶದಲ್ಲೇ ಇಲ್ಲ. ಕದನದ ನಡುವೆ ನಾನು ಇಳಿದರೆ ಹಡಗು ಶರಣಾಯ್ತು ಅಂತ ಅರ್ಥ. ಕಾಫಿ ಮೇಲಕ್ಕೇ ಕಳಿಸಿ.

ನಮ್ಮ ಓದುಗರಲ್ಲಿ ಕೆಲವರು ನಿಮ್ಮನ್ನು ಬಣ್ಣ ಅಂದುಕೊಂಡಿದ್ದಾರೆ.

ಗೊತ್ತು, ಗೊತ್ತು. ‘ಹಾರುವ ಬಣ್ಣಗಳೊಂದಿಗೆ ತೇರ್ಗಡೆ’ ಅಂತ ಮೊಬೈಲು ಅನುವಾದ ಮಾಡಿಕೊಡುತ್ತೆ. ಹುಡುಗ ಪರೀಕ್ಷೆ ಬರೆದು ಬಂದನೋ ಓಕುಳಿ ಆಡಿ ಬಂದನೋ ಅಂತ ಅನುಮಾನ ಬರಬೇಕು. ದಂಡಿನವರ, ನಾವಿಕರ ಬಾಯಲ್ಲಿ ಕಲರ್ಸ್ ಅಂದರೆ ಬಾವುಟ. ಕಾದಾಡಿದ ಹಡಗು ಬಂದರಿಗೆ ಮರಳುವಾಗ ದಡದಲ್ಲಿದ್ದವರು ಮೊದಲು ನೋಡ್ತಿದ್ದದ್ದು ನಾನು ಇದ್ದೀನಾ ಇಲ್ಲವಾ ಅಂತ.

ಅಂದರೆ ನೀವು ಗೆಲುವಿನ ಗುರುತು.

ಎಲ್ಲರೂ ಎಡವೋದು ಅಲ್ಲೇ. ನಾನು ಶರಣಾಗಿಲ್ಲ ಅನ್ನೋದರ ಗುರುತು. ಹಾಯಿ ಹರಿದಿರಬಹುದು, ಕೂವೆ ಮುರಿದಿರಬಹುದು, ಹಡಗಿನಲ್ಲಿ ಅರ್ಧ ಜನ ಸತ್ತಿರಬಹುದು. ಬಾವುಟ ಇಳಿಸಿಲ್ಲ, ಅಷ್ಟೇ. ಒಳಗಿನ ಮಾತು ಹೇಳಲಾ? ಸೋತವರಿಗೂ ನನ್ನನ್ನು ಕೊಡ್ತಿದ್ದರು. ಮುತ್ತಿಗೆಯಲ್ಲಿ ಕೈಲಾದಷ್ಟು ಕಾದು ಕೊನೆಗೆ ಕೋಟೆ ಒಪ್ಪಿಸಿದ ದಂಡಿಗೆ ಗೆದ್ದವರು ತೋರಿಸೋ ಮರ್ಯಾದೆ ಅದು: ಡೋಲು ಬಡೀತಾ, ಬಾವುಟ ಹಾರಿಸ್ತಾ ಹೊರಗೆ ನಡೆದು ಹೋಗಿ ಅಂತ. ‘ಆನರ್ಸ್ ಆಫ್ ವಾರ್’ ಅಂತ ಅದಕ್ಕೆ ಹೆಸರು.

ಸೋತ ಮೇಲೂ ಡೋಲು, ಬಾವುಟ! ಮತ ಎಣಿಕೆಯ ಸಂಜೆ ನಮ್ಮ ಪಕ್ಷದ ಕಚೇರಿಗಳು ಹೀಗೇ ಇರುತ್ತವೆ. ನೈತಿಕ ಗೆಲುವು ಅಂತೇವೆ.

ನಿಮ್ಮಲ್ಲಿ ಅದನ್ನು ಸೋತವರೇ ಘೋಷಿಸಿಕೊಳ್ತಾರೆ. ನಮ್ಮಲ್ಲಿ ಗೆದ್ದವರು ಕೊಡಬೇಕಿತ್ತು. ಅಮೆರಿಕದ ಸ್ವಾತಂತ್ರ್ಯ ಯುದ್ಧದ ನಡುವೆ, 1780ರಲ್ಲಿ, ಚಾರ್ಲ್ಸ್‌ಟನ್ನಿನಲ್ಲಿ ಸೋತ ಅಮೆರಿಕನ್ನರಿಗೆ ಬ್ರಿಟಿಷರು ಈ ಮರ್ಯಾದೆ ಕೊಡಲಿಲ್ಲ. ಮರುವರ್ಷ ಅಕ್ಟೋಬರಿನಲ್ಲಿ ಯಾರ್ಕ್‌ಟೌನಿನಲ್ಲಿ ಸೋಲುವ ಸರದಿ ಬ್ರಿಟಿಷರದು. ವಾಷಿಂಗ್ಟನ್ ಲೆಕ್ಕ ಚುಕ್ತಾ ಮಾಡಿದ. ಬಾವುಟಗಳನ್ನು ಸುತ್ತಿ ಗವಸಿಗೆ ತುರುಕಿಕೊಂಡು ನಡೀರಿ ಅಂದ. ಆ ಗವಸಿನೊಳಗೆ ಇದ್ದವನು ನಾನು. ದಂಡನಾಯಕ ಕಾರ್ನ್‌ವಾಲಿಸ್ ಮಾತ್ರ ಬರಲೇ ಇಲ್ಲ. ಮೈಯಲ್ಲಿ ಹುಷಾರಿಲ್ಲ ಅಂತ ಹೇಳಿಕಳಿಸಿದ. ಕತ್ತಿ ಒಪ್ಪಿಸೋಕೆ ಕೈಕೆಳಗಿನ ಓಹಾರಾ ಹೋದ. ತಗೊಂಡವನು ಚಾರ್ಲ್ಸ್‌ಟನ್ನಿನಲ್ಲಿ ಸೋತಿದ್ದ ಲಿಂಕನ್.

ಕಾರ್ನ್‌ವಾಲಿಸ್ ಅಂದರೆ, ನಮ್ಮ ಪಾಠದಲ್ಲಿ ಬರುವ ಕಾರ್ನ್‌ವಾಲಿಸಾ?

ಅವನೇ. ಐದು ವರ್ಷ ಕಳೆಯೋದರೊಳಗೆ ಗವರ್ನರ್ ಜನರಲ್ ಆಗಿ ಕಲ್ಕತ್ತೆಗೆ ಬಂದ. 1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆ ಹಿಡಿದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹೊಸ್ತಿಲ ತನಕ ಹೋದ. ತಿನ್ನೋಕೆ ದವಸ ಇಲ್ಲ, ಎಳೆಯೋ ಎತ್ತುಗಳು ಸತ್ತವು, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಗೆಡವಿ ವಾಪಸ್ ಬಂದ. ಮರುವರ್ಷ ಮತ್ತೆ ಹೋಗಿ ಟಿಪ್ಪುವಿನ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಗಂಡುಮಕ್ಕಳು, ಇಷ್ಟನ್ನೂ ವಸೂಲಿ ಮಾಡಿದ. ಊರಿನಿಂದ ಮಾರ್ಕ್ವಿಸ್ ಪದವಿ ಬಂತು. ಯಾರ್ಕ್‌ಟೌನಿನ ಗವಸನ್ನು ಯಾರೂ ಕೇಳಲಿಲ್ಲ. ಈಗಿನ ಕಂಪನಿಗಳಲ್ಲಿ ಇದಕ್ಕೆ ‘ಕರಿಯರ್ ಗ್ರೋತ್’ ಅಂತಾರೆ.

ನಿಜಕ್ಕೂ ನಿಮ್ಮನ್ನು ಇಳಿಯಗೊಡದೆ ಕಾಪಾಡಿದವರು ಯಾರಾದರೂ?

ಜಾಕ್ ಕ್ರಾಫರ್ಡ್. ಸಂಡರ್‌ಲ್ಯಾಂಡಿನವನು, 22 ವರ್ಷ. 1797ರ ಅಕ್ಟೋಬರಿನಲ್ಲಿ ಡಚ್ಚರ ಜೊತೆ ಕ್ಯಾಂಪರ್‌ಡೌನ್ ಕದನ. ಅಡ್ಮಿರಲ್ ಡಂಕನ್ನನ ‘ವೆನರೆಬಲ್’ ಹಡಗಿನ ಕೂವೆ ಗುಂಡಿಗೆ ತುಂಡಾಗಿ ನಾನು ಕೆಳಕ್ಕೆ ಬಿದ್ದೆ. ಈ ಹುಡುಗ ಗುಂಡು ಹಾರ್ತಿರುವಾಗಲೇ ಮುರಿದ ಕೂವೆ ಹತ್ತಿ ನನ್ನನ್ನು ಮೊಳೆ ಜಡಿದು ನಿಲ್ಲಿಸಿದ. ಮೊಳೆ ಜಡಿದ ಬಾವುಟವನ್ನು ಬೇಕೆಂದರೂ ಇಳಿಸೋಕಾಗಲ್ಲ ನೋಡಿ. ‘ನೇಲ್ ಯುವರ್ ಕಲರ್ಸ್ ಟು ದ ಮಾಸ್ಟ್’ ಅಂತ ಏಸಿ ಹಾಲಿನಲ್ಲಿ ನಿಂತು ಹೇಳ್ತಾರಲ್ಲ, ಅವರು ಮನೆ ಗೋಡೆಗೆ ಕ್ಯಾಲೆಂಡರ್ ಮೊಳೆ ಹೊಡೆದವರೂ ಅಲ್ಲ. ಕ್ರಾಫರ್ಡ್‌ಗೆ ಪಿಂಚಣಿ ಬಂತು, ಊರವರು ಬೆಳ್ಳಿ ಪದಕ ಕೊಟ್ಟರು. 1831ರ ಕಾಲರಾದಲ್ಲಿ ಸತ್ತಾಗ ಗತಿಯಿಲ್ಲದವರ ಗುಂಡಿಯಲ್ಲಿ ಹೂತರು. ಪ್ರತಿಮೆ ಏಳೋಕೆ 1890 ಆಯ್ತು. ಮೊಳೆ ಹೊಡೆದವನಿಗೆ ಗುಂಡಿ, ಹುಷಾರಿಲ್ಲ ಅಂದವನಿಗೆ ಮಾರ್ಕ್ವಿಸ್.

ನಿಮ್ಮ ಸಹೋದ್ಯೋಗಿಗಳ ಬಗ್ಗೆ ಎರಡು ಮಾತು?

‘ಹ್ಯಾಂಡ್ಸ್ ಡೌನ್’ ರೇಸ್‌ಕೋರ್ಸಿನವನು. ಗೆಲುವು ಖಾತ್ರಿಯಾದ ಜಾಕಿ ಲಗಾಮು ಸಡಿಲಿಸಿ ಕೈ ಇಳಿಸ್ತಾನೆ. ಅವನಿಗೂ ನನಗೂ ಆಗಿಬರಲ್ಲ. ಅವನಿಗೆ ಇಳಿಸೋದೇ ಗೆಲುವು! ‘ಹ್ಯಾಟ್ರಿಕ್’ 1858ರಲ್ಲಿ ಷೆಫೀಲ್ಡಿನಲ್ಲಿ ಹುಟ್ಟಿದ. ಎಚ್.ಎಚ್. ಸ್ಟೀಫನ್‌ಸನ್ ಸತತ ಮೂರು ಎಸೆತಕ್ಕೆ ಮೂರು ವಿಕೆಟ್ ತೆಗೆದ ಅಂತ ಜನ ಚಂದಾ ಎತ್ತಿ ಟೋಪಿ ಕೊಡಿಸಿದರು. ನಿಮ್ಮಲ್ಲಿ ಮೂರು ಸಲ ಗೆದ್ದ ಎಮ್ಮೆಲ್ಲೆಗೂ ಹ್ಯಾಟ್ರಿಕ್ ಅಂತೀರಿ. ಟೋಪಿ ಮಾತ್ರ ಮತದಾರನಿಗೆ. ಇನ್ನು ‘ಎಂಥೂಸಿಯಾಸಂ’. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಅದು ಬೈಗುಳ. ಮೈಮೇಲೆ ದೇವರು ಬಂದವರ ಹಾಗೆ ಕೂಗಾಡ್ತಾರೆ ಅಂತ ಜಾನ್ ವೆಸ್ಲಿಯ ಮೆಥಡಿಸ್ಟರನ್ನು ಹಾಗೆ ಜರೀತಿದ್ದರು. ಈಗ ಎಂಟು ಸಾವಿರ ಸಂಬಳದ ಸೇಲ್ಸ್ ಕೆಲಸಕ್ಕೂ ಅದೇ ಮೊದಲ ಅರ್ಹತೆ.

‘ಆಸಮ್’ ಹೇಗಿದ್ದಾನೆ?

ಪಾಪ, ಬಳಲಿಬಿಟ್ಟಿದ್ದಾನೆ. ಮೊದಲು ದೇವರ ಮುಂದೆ ನಡುಗುವಾಗ ಮಾತ್ರ ಕರೀತಿದ್ದರು. ಈಗ ಓಟಿಪಿ ಸರಿಯಾಗಿ ಒತ್ತಿದರೆ ಆ್ಯಪು ‘ಆಸಮ್!’ ಅನ್ನುತ್ತೆ. ‘ಟೆರಿಫಿಕ್’ ಕೂಡ ಹೆದರಿಸೋ ವಂಶದವನೇ. ನಗಬೇಡಿ. ಹೋಳಿಗೆ ಭಯಂಕರ ಚೆನ್ನಾಗಿದೆ ಅನ್ನೋರು ನೀವೇ ತಾನೇ?

ಇರಲಿ. ಈ ಫ್ಲೆಕ್ಸಿನ ಮೇಲೆ ಸುಖವಾಗಿದ್ದೀರಾ?

ಕೆಲಸವೇ ಇಲ್ಲ. 98 ಪರ್ಸೆಂಟ್ ತೆಗೆದ ಹುಡುಗಿಗೆ ನನ್ನಿಂದ ಆಗಬೇಕಾದ್ದೇನು? ಅವಳ ಹಡಗಿಗೆ ಗುಂಡೇ ತಗಲಿಲ್ಲ. ನನ್ನ ಡ್ಯೂಟಿ ಇರೋದು ಬೇರೆ ಕಡೆ. 2024ರಲ್ಲಿ ನಿಮ್ಮಲ್ಲಿ ಎಸ್ಸೆಸ್ಸೆಲ್ಸಿಗೆ ಮೂರು ಪರೀಕ್ಷೆ ಇತ್ತಲ್ಲವಾ? ಮೊದಲೆರಡರಲ್ಲೂ ಗಣಿತ ಹೋಗಿ, ಜೊತೆಯವರು ಪಿಯುಸಿ ಕ್ಲಾಸಿಗೆ ಹೋಗೋ ಅದೇ ಬಸ್ಸಿನಲ್ಲಿ ಹಾಲ್ ಟಿಕೆಟ್ ಹಿಡಿದು ಮೂರನೆಯದಕ್ಕೆ ಹೋದ ಹುಡುಗ ಇದ್ದಾನಲ್ಲ, ನಾನು ಹಾರಬೇಕಾದ್ದು ಅವನ ತಲೆ ಮೇಲೆ. ಅವನು ಬಾವುಟ ಇಳಿಸಿಲ್ಲ. ಪಾಸಾದರೂ, ಆಗದಿದ್ದರೂ.

ಅವನ ಫೋಟೋ ಹಾಕಿ ಯಾರಾದರೂ ಫ್ಲೆಕ್ಸ್ ಕಟ್ಟಿಸುತ್ತಾರಾ?

ಶಾಲೆಗೆ ನೂರಕ್ಕೆ ನೂರು ತಪ್ಪಿಸಿದವನಿಗಾ? ಅಂಥವರು ಹತ್ತಕ್ಕೆ ಬರೋದೇ ಬೇಡ, ಒಂಬತ್ತರಲ್ಲೇ ಟಿ.ಸಿ. ಕೈಗಿಟ್ಟು ಕಳಿಸೋಣ ಅಂತ ಮೊನ್ನೆ ಆಡಳಿತ ಮಂಡಳಿ ತೀರ್ಮಾನ ಮಾಡಿದೆ. ಹಾಗಾಗಿ ಮುಂದಿನ ವರ್ಷದ ರಿಸಲ್ಟ್ ಈಗಲೇ ನೂರು. ಫ್ಲೆಕ್ಸ್ ಅಂಗಡಿಗೆ ಅಡ್ವಾನ್ಸೂ ಹೋಗಿದೆ. ಅದರಲ್ಲೂ ನನ್ನ ಹೆಸರೇ ಹಾಕ್ತಾರಂತೆ.